ಅವರ ಹೆಸರಿನ ಹುಡುಗ

ಟಿ.ವಿ.ಯೊಳಗಿನ ಶಿವಗಂಗವ್ವ ಕೆಮ್ಮಿದಳು.

ಪಡಸಾಲೆಯಲ್ಲಿ ಕೂತಿದ್ದ ಕಲ್ಲೋಳಿಯ ಅರ್ಧ ಓಣಿ ಚಡಪಡಿಸಿತು. ಯಾರೋ ನೀರು ಕೊಡ್ರಿ ಎಂದರು. ಇನ್ಯಾರೋ ಖರೇನೇ ಒಂದು ತಂಬಿಗೆ ತುಂಬಿ ತಂದು ಟಿ.ವಿ. ಮುಂದೆ ಇಟ್ಟರು. ನಗಬೇಕೆಂದುಕೊಂಡೆ, ಆದರೆ ನನ್ನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಮಣ್ಣು ಮಾಡಿ ವರ್ಷ ಕಳೆದ ಮುದುಕಿ ಹೀಗೆ ಎದುರು ಕೂತು ಕೆಮ್ಮಿದರೆ, ಇಷ್ಟು ದಪ್ಪ ಮೀಸೆ ಬಿಟ್ಟ ನನ್ನಂಥ ಬಾಳೇಶನಿಗೂ ಚಪ್ಪಲಿ ಎಲ್ಲಿ ಬಿಟ್ಟೆ ಎಂಬುದು ನೆನಪಾಗುತ್ತದೆ.

ಪಕ್ಕದಲ್ಲಿ ನಮ್ಮ ಸುಮನ ಮೇಡಂ ಆರಾಮಾಗಿ ಚುರುಮುರಿ ತಿನ್ನುತ್ತಿದ್ದರು. ಗೋಕಾಕದಲ್ಲಿ ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ ಅವರ ಪತ್ತೇದಾರಿ ಕಚೇರಿ ಇದೆ. ನಾನು ಅವರ ಗಾಡಿಯ ಡ್ರೈವರ್, ಸಹಾಯಕ, ಮತ್ತು ಅವರು ಬೈಯಲು ಯಾರೂ ಸಿಗದಾಗ ಬೈಸಿಕೊಳ್ಳುವವನು. ಈ ಮನೆಯ ಯಜಮಾನ ರಾಚಪ್ಪನ ಮಗಳು ಲಕ್ಷ್ಮೀ ನಮ್ಮ ಮೆಟ್ಟಿಲು ಹತ್ತಿ ಬಂದು ಕೇಳಿದ್ದು ಒಂದೇ: ಸತ್ತ ಅಜ್ಜಿ ಟಿ.ವಿ.ಯಲ್ಲಿ ಬಂದು ತನ್ನ ಮದುವೆ ಮುರಿಯುತ್ತಿದ್ದಾಳೆ, ಹೇಗಾದರೂ ಉಳಿಸಿಕೊಡಿ.

ಊರು ಹೆದರಿ ಕೂತಿದೆ ಎಂದು ನೀವು ಅಂದುಕೊಂಡಿದ್ದರೆ ಅದು ತಪ್ಪು. ಊರು ಹಬ್ಬ ಮಾಡುತ್ತಿತ್ತು. ದಿನಾ ಸಂಜೆ ಶಿವಗಂಗವ್ವ ಬರುವ ಹೊತ್ತಿಗೆ ಹೆಂಗಸರು ಮಂಡಾಳೊಗ್ಗರಣೆ, ಚಹಾ ಹಿಡಿದು ಬರುತ್ತಿದ್ದರು. ಗಂಡಸರು ಬೈಕುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಒಳಗೆ ನುಗ್ಗುತ್ತಿದ್ದರು. ಬದುಕಿದ್ದಾಗ ಇದೇ ಟಿ.ವಿ. ಮುಂದೆ ಮಂಚ ಹಾಕಿಸಿಕೊಂಡು ಧಾರಾವಾಹಿ ನೋಡುತ್ತಿದ್ದ ಮುದುಕಿ, ಈಗ ತಾನೇ ಧಾರಾವಾಹಿಯಾಗಿ ಬಂದರೆ ಯಾರು ಬಿಟ್ಟಾರು.

ಹಸಿರು ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ. ತುಟಿ ಮೆಲ್ಲಗೆ ಆಡುತ್ತಿತ್ತು. ಗೌರಿ ಆಕಳು ಹಾಲು ಕಡಿಮೆ ಮಾಡಿದ್ದನ್ನು ಹೇಳಿದಳು. ಎದುರು ಮನೆಯವರ ಹೊಸ ಗೇಟು ಕಿರ್ರ್ ಅನ್ನುತ್ತದೆ, ಎಣ್ಣೆ ಬಿಡಲಿ ಎಂದಳು. ಎದುರು ಮನೆಯವರು ಕೈಮುಗಿದು ಹ್ಞೂಂ ಎಂದರು. ಆಮೇಲೆ ದನಿ ತಗ್ಗಿತು.

“ಲಕ್ಷ್ಮೀನ್ನ ಹತ್ತರಗಿಗೆ ಕೊಡಬ್ಯಾಡ. ಅವರ ಹೆಸರಿನ ಹುಡುಗಗಂತೂ ಬ್ಯಾಡ. ಆ ರಸ್ತಾ ಚೊಲೋ ಅಲ್ಲ.”

ಅಷ್ಟು ಹೇಳಿ ಇನ್ನೊಮ್ಮೆ ಕೆಮ್ಮಿ ಮಾಯವಾದಳು. ಟಿ.ವಿ. ತಾನಾಗಿಯೇ ಆರಿತು.

ರಾಚಪ್ಪ ಎದ್ದು ನಿಂತ. ಒಳ್ಳೆಯ ಮನುಷ್ಯ, ಆದರೆ ತಾಯಿಯ ಮಾತು ಬಂದರೆ ಮುಗಿಯಿತು. ಎಲ್ಲರ ಎದುರೇ ಹೇಳಿದ: “ಅವ್ವ ನಾಳೆನೂ ಬ್ಯಾಡ ಅಂದ್ರ ನಿಶ್ಚಯದ ಸೀರಿ ಹತ್ತರಗಿಗೆ ತಿರುಗಿ ಕಳಸ್ತೀನಿ.”

ನಾವು ಗಾಡಿ ಹತ್ತುವಾಗ ಲಕ್ಷ್ಮೀ ಹಿಂದೆಯೇ ಬಂದಳು. ಕಣ್ಣು ಕೆಂಪಾಗಿದ್ದರೂ ಮಾತು ಗಟ್ಟಿಯಾಗಿತ್ತು.

“ನಮ್ಮಜ್ಜಿ ನನಗ ಎಂದೂ ಬ್ಯಾಡ ಅಂದಾಕಿ ಅಲ್ಲರಿ. ನನಗ ಬಸವಲಿಂಗನ ಬೇಕು. ಟಿ.ವಿ. ಬಂದ್ ಮಾಡಿದ್ರ ಆಗೂದಿಲ್ಲರಿ, ಅಪ್ಪ ನಂಬೂದು ಬಂದ್ ಆಗಬೇಕು.”

ಬಸವಲಿಂಗ ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ಸಸಿಗಳ ನರ್ಸರಿ ಇಟ್ಟುಕೊಂಡ ಹುಡುಗ. ಅಜ್ಜಿ ಬೇಡವೆಂದ ದಿನದಿಂದ ಅವನು ಕಲ್ಲೋಳಿಗೆ ಕಾಲಿಡಕೂಡದು ಎಂದು ರಾಚಪ್ಪ ಫೋನಿನಲ್ಲೇ ಹೇಳಿಬಿಟ್ಟಿದ್ದ.

ಮೇಡಂ ಅವಳ ಭುಜ ತಟ್ಟಿ, ನಾಳೆ ಸಂಜೆಯವರೆಗೆ ಸಮಯವಿದೆಯಲ್ಲ ಎಂದರು. ನಾನಾಗಿದ್ದರೆ ಅಷ್ಟು ಧೈರ್ಯದ ಮಾತು ಆಡುತ್ತಿರಲಿಲ್ಲ.

ದಾರಿಯಲ್ಲಿ ನಾನು, ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಹುಕ್ಕೇರಿಯ ತಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ದೆವ್ವದ ಫೋಟೋಕ್ಕೆ ಮೊಳೆ ಹೊಡೆಯಲು ಅಪ್ಪ ಜಾಗ ಬಿಟ್ಟಿಲ್ಲ ಎಂದು ನಕ್ಕರು. ಆಮೇಲೆ ತಾವು ಕಂಡದ್ದನ್ನು ಹೇಳತೊಡಗಿದರು.

ಮುದುಕಿಯ ಹೆಗಲ ಹಿಂದೆ ಹಳದಿ ಶಾಮಿಯಾನದ ಒಂದು ಚೂರು ಕಾಣುತ್ತಿತ್ತಂತೆ. ಸ್ವರ್ಗದಲ್ಲಿ ಶಾಮಿಯಾನ ಹಾಕಿದವರು ಯಾರು? ಅದೇ ಸೀರೆ, ಅದೇ ಶಾಮಿಯಾನ ರಾಚಪ್ಪನ ಗೋಡೆಯ ಮೇಲಿನ ಫೋಟೋದಲ್ಲಿದೆ. ತುಕ್ಕಾನಟ್ಟಿಯಲ್ಲಿ ಹಿಂದೊಮ್ಮೆ ನಡೆದ ಮದುವೆಯದು. ಆ ಮದುವೆಯ ವಿಡಿಯೋ ತೆಗೆದವನು ಮೂಡಲಗಿಯ ಸೋಮಲಿಂಗ. ಕಲ್ಲೋಳಿಯ ಮನೆಮನೆಗೆ ಟಿ.ವಿ., ಇಂಟರ್ನೆಟ್ ಡಬ್ಬಿ ಕೂಡಿಸುವವನೂ ಅವನೇ. ರಾಚಪ್ಪನ ಪಡಸಾಲೆಯಲ್ಲಿ ದಿನಾ ಸಂಜೆ ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುವವನೂ ಅವನೇ.

ಅಂದಮೇಲೆ ಸೋಮಲಿಂಗನ ಕೊರಳಪಟ್ಟಿ ಹಿಡಿಯೋಣ ಎಂದೆ. ಮೇಡಂ ತಲೆಯಾಡಿಸಿದರು. ಚಿತ್ರ ಅವನದಿರಬಹುದು, ದನಿ ಯಾರದು? ಮದುವೆಯ ವಿಡಿಯೋದಲ್ಲಿ ಶಿವಗಂಗವ್ವ ಗೌರಿ ಆಕಳಿನ ಮಾತಾಡಿಲ್ಲ. ಎದುರು ಮನೆಯ ಗೇಟು ಹಾಕಿದ್ದು ಮೊನ್ನೆ. ಅದೂ ಅಲ್ಲದೆ, ಬದುಕಿದ್ದಾಗ ನಿಮ್ಮ ತಾಯಿಗೆ ಕೆಮ್ಮಿತ್ತೇ ಎಂದು ಅವರು ರಾಚಪ್ಪನನ್ನು ಕೇಳಿದ್ದರು. ಇರಲಿಲ್ಲ, ಹೋದ ಮೇಲೆ ಬಂದಿರಬೇಕು, ಮೇಲೆ ಥಂಡಿ ಜಾಸ್ತಿ ಅಲ್ಲವೇ ಎಂದು ರಾಚಪ್ಪ ಗಂಭೀರವಾಗಿ ಉತ್ತರಿಸಿದ್ದ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಮೇಡಂ ನನ್ನ ಫೋನಿನಲ್ಲಿ, ಹಿಂದಿನ ಸಂಜೆ ನಾನು ಟಿ.ವಿ. ಮುಂದೆ ತೆಗೆದಿದ್ದ ವಿಡಿಯೋ ತಿರುತಿರುಗಿ ನೋಡುತ್ತಿದ್ದರು. ಕೆಳಗಿನ ಅಂಗಡಿಯಿಂದ ತುಪ್ಪ, ಬೆಲ್ಲದ ವಾಸನೆ ಏರಿ ಬಂದು ನನ್ನ ಪ್ರಾಣ ಹಿಂಡುತ್ತಿತ್ತು. ಅಷ್ಟರಲ್ಲಿ ಅದೇ ಫೋನಿಗೆ ನನ್ನ ಹೆಂಡತಿಯ ಕರೆ ಬಂತು. ಮೇಡಂ ಸ್ಪೀಕರ್ ಹಚ್ಚಿ ನನ್ನ ಕೈಗೆ ಕೊಟ್ಟರು.

“ಹುಕ್ಕೇರಿಯಿಂದ ನಿಮ್ಮ ಹೆಸರಿನ ಮಾಮಾ ಬಂದಾನ್ರಿ. ಮಧ್ಯಾಹ್ನ ಊಟಕ್ಕ ಲಗೂನ ಬರ್ರಿ.”

ಕರೆ ಮುಗಿಯಿತು. ಮೇಡಂ ಬಾಯಿಗೆ ಹಾಕಿಕೊಂಡ ಕರದಂಟನ್ನು ಅಗಿಯುವುದು ನಿಲ್ಲಿಸಿದ್ದರು.

ಇದರಲ್ಲಿ ಅಂಥದ್ದೇನಿದೆ ಎಂದು ನಾನು ಹೇಳಿದೆ. ನನ್ನ ಹೆಂಡತಿಯ ಸೋದರಮಾವನ ಹೆಸರೂ ಬಾಳೇಶ. ಗಂಡನ ಹೆಸರು ಬಾಯಲ್ಲಿ ಆಡದ ಹೆಂಗಸು, ಅದೇ ಹೆಸರಿನ ಮಾವನನ್ನು ಹ್ಯಾಗೆ ಕರೆದಾಳು? ಊರಲ್ಲಿ ಯಾವ ಬಾಳೇಶ ಇದ್ದರೂ ಅವಳಿಗೆ ಅವನು ‘ನಿಮ್ಮ ಹೆಸರಿನವನು’. ಹೊರಗಿನವರೊಂದಿಗೆ ಮಾತಾಡುವಾಗ ‘ಅವರ ಹೆಸರಿನವನು’. ನಮ್ಮ ಕಡೆ ಹಿರಿಯ ಹೆಂಗಸರೆಲ್ಲ ಆಡುವುದು ಹೀಗೇ, ಕೇಳಿ ಕೇಳಿ ಕಿವಿಗೆ ಅದು ಬೀಳುವುದೂ ಇಲ್ಲ.

“ಅದಕ್ಕ ನಿನ್ನೆನೂ ಕಿವಿಗೆ ಬಿದ್ದಿಲ್ಲ,” ಎಂದರು ಮೇಡಂ. “ಬಾಳೇಶಣ್ಣ, ಶಿವಗಂಗವ್ವನ ಗಂಡನ ಹೆಸರೇನು?”

“ಸಿದ್ರಾಯ.”

“ಹತ್ತರಗಿ ಹುಡುಗಂದು?”

“ಬಸವಲಿಂಗ.”

“ಹಂಗಾದ್ರ ಅಕಿ ‘ಅವರ ಹೆಸರಿನ ಹುಡುಗ’ ಅಂತ ಯಾಕ ಅಂದ್ಲು?”

ನಾನು ಧಡಕ್ಕನೆ ಎದ್ದು ನಿಂತೆ. ಈ ಸಲ ಅದು ಹೆದರಿಕೆಯಲ್ಲ, ಖುಷಿ. ಶಿವಗಂಗವ್ವನ ಬಾಯಿಗೆ ‘ಬಸವಲಿಂಗ’ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಗೌರಿ ಆಕಳಿನಿಂದ ಲಕ್ಷ್ಮಿಯವರೆಗೆ ಹೆಸರು ಹಿಡಿದು ಮಾತಾಡಿದ ದನಿ ಆ ಒಂದೇ ಹೆಸರಿನ ಮುಂದೆ ಬಾಯಿ ಮುಚ್ಚಿಕೊಂಡಿತ್ತು. ಅಂದರೆ ಆ ದನಿಯ ಒಡತಿ ಬೇರೆ ಯಾರೋ. ಅವಳ ಗಂಡನ ಹೆಸರು ಬಸವಲಿಂಗ. ನಾನೂ ಕೇಳಿದ್ದೆ, ರಾಚಪ್ಪನೂ ಕೇಳಿದ್ದ, ಕಲ್ಲೋಳಿಯ ಅರ್ಧ ಓಣಿ ಕೇಳಿ ಕಣ್ಣೊರೆಸಿಕೊಂಡಿತ್ತು. ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ, ನಮ್ಮ ಬುದ್ಧಿಗೆ ಏನು ಹೇಳಬೇಕು.

ಲಕ್ಷ್ಮಿಗೆ ಫೋನ್ ಹಚ್ಚಿ, ನಿಮ್ಮ ಬಳಗದಲ್ಲಿ ಬೇರೆ ಬಸವಲಿಂಗ ಇದ್ದಾರೆಯೇ ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಹಳೆಯ ಗಂಡಸರನ್ನೆಲ್ಲ ನಮ್ಮಲ್ಲಿ ಹೆಸರಿನಿಂದ ಕರೆಯುವುದಿಲ್ಲ. ಅವರು ತುಕ್ಕಾನಟ್ಟಿ ಕಾಕಾ, ಅಂಗಡಿ ಮಾಮಾ, ಡ್ರೈವರ್ ಕಾಕಾ. ಯಾರ ಹೆಸರು ಏನೆಂದು ಅವಳಿಗೇನು ಗೊತ್ತು.

ಹಾಗಾದರೆ ಹೆಂಗಸರ ಬಾಯಿಂದಲೇ ಹೇಳಿಸೋಣ ಎಂದರು ಮೇಡಂ. ನಾನು ಊಟಕ್ಕೆ ಹೋಗಲಿಲ್ಲ. ನನ್ನ ಹೆಸರಿನ ಮಾಮಾ ನನ್ನ ಪಾಲಿನ ಹೋಳಿಗೆಯನ್ನೂ ತಿಂದ ಎಂದು ಆಮೇಲೆ ತಿಳಿಯಿತು.

ನಾವು ಕಲ್ಲೋಳಿ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಮದುವೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೂ, ರಾಚಪ್ಪನ ಅಡುಗೆಮನೆಯಲ್ಲಿ ಕೆಲಸ ನಿಂತಿರಲಿಲ್ಲ. ಮೆಣಸಿನಕಾಯಿ ಹುರಿದು ಚಟ್ನಿಪುಡಿ ಕುಟ್ಟುತ್ತಿದ್ದರು. ಘಾಟಿಗೆ ಎಲ್ಲರೂ ಸೀನುತ್ತಿದ್ದರು, ನಗುತ್ತಿದ್ದರು. ಮೇಡಂ ನೇರ ಹೋಗಿ ಅವರ ನಡುವೆ ಕೂತು, ತಮಗೆ ಒಡಪು ಕೇಳುವ ಆಸೆಯಾಗಿದೆ ಎಂದರು. ಗಂಡನ ಹೆಸರನ್ನು ಹಾಗೇ ಹೇಳಬಾರದು, ಒಡಪಿನಲ್ಲಿ ಕಟ್ಟಿ ಹೇಳಬಹುದು. ಈ ಒಂದು ಸಂದಿಗಾಗಿ ನಮ್ಮ ಹೆಂಗಸರು ಕಾದೇ ಇರುತ್ತಾರೆ.

ಲಕ್ಷ್ಮಿಯ ತಾಯಿ ದಾಕ್ಷಾಯಿಣಿ ಮೊದಲು ಒಲ್ಲೆ ಒಲ್ಲೆ ಎಂದು, ಸೆರಗು ಬಾಯಿಗೆ ಹಿಡಿದು, ಆಮೇಲೆ ಪಡಸಾಲೆಯಲ್ಲಿದ್ದ ಗಂಡನಿಗೂ ಕೇಳುವಂತೆ ಹೇಳಿದಳು:

“ಹನಮಪ್ಪನ ಗುಡಿಯಾಗ ಹಚ್ಚೇನಿ ಎಣ್ಣಿ ದೀಪ, ರಾಚಪ್ಪರ ಮೂಗಿನ ಮ್ಯಾಲ ಕುಂತೈತಿ ಕೋಪ.”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಪಡಸಾಲೆಯಲ್ಲಿ ರಾಚಪ್ಪ ಮೂಗು ಮುಟ್ಟಿ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಒಬ್ಬೊಬ್ಬರೇ ಹೇಳುತ್ತ ಬಂದರು. ಹನಮಂತ, ರಾಜಪ್ಪ, ಇನ್ನೊಬ್ಬ ಹನಮಂತ. ಕೊನೆಗೆ ಮೂಲೆಯಲ್ಲಿ ಕೊಬ್ಬರಿ ತುರಿಯುತ್ತಿದ್ದ ಸುಂದ್ರವ್ವ ಉಳಿದಳು. ಶಿವಗಂಗವ್ವನ ಸ್ವಂತ ತಂಗಿ. ಮದುವೆಯ ಕೆಲಸಕ್ಕೆಂದು ತುಕ್ಕಾನಟ್ಟಿಯಿಂದ ಬಂದು ಇಲ್ಲೇ ಇದ್ದವಳು. ಗಂಡ ಹೋಗಿ ಎಷ್ಟೋ ವರ್ಷವಾದವು, ತನಗ್ಯಾಕೆ ಒಡಪು ಎಂದಳು. ಹೋದವರ ಹೆಸರೂ ಹೆಸರೇ ಅಲ್ಲವೇ ಎಂದು ದಾಕ್ಷಾಯಿಣಿ ಹಟ ಹಿಡಿದಳು.

ಸುಂದ್ರವ್ವನ ಸುಕ್ಕು ಮುಖ ಒಮ್ಮೆಲೇ ಮದುಮಗಳ ಮುಖದಂತೆ ಕೆಂಪಾಯಿತು. ಕಣ್ಣು ಮುಚ್ಚಿ ಹೇಳಿದಳು:

“ಹಿಡಕಲ್ ಕಾಲವಿ ನೀರ ಬಂದ್ರ ಹೊಲಕ್ಕೆಲ್ಲ ಹಸರ, ಬಸವಲಿಂಗರ ಹೆಸರ ಹೇಳತೀನಿ, ರೊಟ್ಟಿ ಮ್ಯಾಲ ಮಸರ.”

ಹೇಳಿ ಮುಗಿಸಿದ್ದೇ ಮೆಣಸಿನ ಘಾಟು ನೆತ್ತಿಗೇರಿ ಕೆಮ್ಮಿದಳು. ನಾನು ಕೂತಲ್ಲೇ ಸೆಟೆದುಕೊಂಡೆ. ಅದೇ ಕೆಮ್ಮು. ಲಕ್ಷ್ಮೀ ತಂಬಿಗೆ ಹಿಡಿದು ಎದ್ದವಳು ಅರ್ಧದಲ್ಲೇ ನಿಂತು ಅಜ್ಜಿಯ ತಂಗಿಯನ್ನು ನೋಡಿದಳು. ಅವಳಿಗೂ ಹೊಳೆದಿತ್ತು.

ಮೇಡಂ ಎದ್ದರು. ಸುಂದ್ರವ್ವನ ಕೈ ಹಿಡಿದು ಪಡಸಾಲೆಗೆ ಕರೆತಂದು ಟಿ.ವಿ. ಎದುರು ಕೂಡಿಸಿದರು. ಸಂಜೆಯ ಜನ ಸೇರತೊಡಗಿತ್ತು. ಮೂಡಲಗಿಯ ಸೋಮಲಿಂಗನೂ ಬಂದು ತನ್ನ ಎಂದಿನ ಜಾಗ ಹಿಡಿದಿದ್ದ. ರಾಚಪ್ಪ, ಏನು ನಡೆದಿದೆ ಎಂದು ಕೇಳಿದ.

“ಸುಂದ್ರಮ್ಮಾರ,” ಎಂದರು ಮೇಡಂ ಮೆತ್ತಗೆ, “ಹತ್ತರಗಿ ಹುಡುಗನ ಹೆಸರ ಒಂದ ಸಲ ಹೇಳ್ರಿ. ಒಡಪಿನಾಗ ಅಲ್ಲ, ಹಂಗ.”

ಮುದುಕಿ ಬಾಯಿ ತೆರೆದಳು, ಮುಚ್ಚಿದಳು.

“ಅದೇನ ಅವ್ವಾ, ಅಂವ ಅವರ ಹೆಸರಿನ...” ಎಂದು ತಡೆದಳು.

ಆ ಮಾತು ನಿನ್ನೆ ಎಲ್ಲಿಂದ ಬಂದಿತ್ತೆಂದು ನೆನಪಾಗಿ ಎಲ್ಲರೂ ಟಿ.ವಿ. ಕಡೆ ನೋಡಿದರು.

ಅವಳು ಮುಚ್ಚಿಡಲಿಲ್ಲ. ಮುಚ್ಚಿಡುವ ಹೆಂಗಸೇ ಅಲ್ಲ ಅದು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಅಕ್ಕನ ಟಿ.ವಿ. ಮುಂದೆ ಒಬ್ಬಳೇ ಕೂತು ಅಕ್ಕನ ಜೊತೆ ಮಾತಾಡುತ್ತಿದ್ದಳಂತೆ. ಆಕಳಿನದು, ಗೇಟಿನದು, ಮನಸ್ಸಿನದು. ರಿಮೋಟಿನ ಗುಂಡಿ ಒತ್ತಿ ಹೇಳಿದರೆ ಟಿ.ವಿ. ಕೇಳಿಸಿಕೊಳ್ಳುತ್ತದೆ ಎಂದು ಹಿಂದೆ ಲಕ್ಷ್ಮಿಯೇ ಕಲಿಸಿದ್ದಳು, ಧಾರಾವಾಹಿ ಹಚ್ಚಿಕೊಳ್ಳಲಿ ಎಂದು. ಟಿ.ವಿ. ಕೇಳಿದರೆ ಅಕ್ಕನೂ ಕೇಳುತ್ತಾಳೆ ಎಂದು ಮುದುಕಿ ಗುಂಡಿ ಒತ್ತಿಯೇ ಮಾತಾಡಿದ್ದಳು. ಸಂಜೆ ಅವೇ ಮಾತು ಅಕ್ಕನ ಬಾಯಿಂದ ಬಂದಾಗ, ಅಕ್ಕ ತನ್ನ ಮಾತು ಒಪ್ಪಿ ತಿರುಗಿ ಹೇಳುತ್ತಿದ್ದಾಳೆ ಎಂದೇ ನಂಬಿದ್ದಳು.

ಮದುವೆ ಯಾಕೆ ಬೇಡ ಎಂದು ಮೇಡಂ ಕೇಳಿದರು.

“ಅವರು ಟ್ರಕ್ ನಡಸ್ತಿದ್ರವ್ವಾ. ಹತ್ತರಗಿ ಹಂತ್ಯಾಕ ಅದ ರಸ್ತಾದ ಮ್ಯಾಲ ಹ್ವಾದ್ರು. ಈಗ ಅದ ಹೆಸರು, ಅದ ಊರು, ಅದ ರಸ್ತಾದ ಬಾಜೂ ಮನಿ. ನಮ್ಮ ಲಕ್ಷ್ಮೀನೂ ನನ್ನಂಗ ಆಗಬಾರದು. ಮಂದಿ ಮುಂದ ಅಂದ್ರ ಅಪಶಕುನ ಅಂತಾರ. ಅಕ್ಕಗಷ್ಟ ಅಂದೆ.”

ಡ್ರೈವರ್ ಕಾಕಾ. ಅವರ ಹೆಸರು ಬಸವಲಿಂಗ ಎಂದು ರಾಚಪ್ಪನಿಗೇ ನೆನಪಿರಲಿಲ್ಲ. ಅವನ ಮೂಗಿನ ಮೇಲೆ ಕೋಪ ಬಂದು ಕೂರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವನು ಚಿಗವ್ವನ ಪಕ್ಕ ಕೂತು, ಅವಳ ಕಾಲ ಮೇಲೆ ಕೈಯಿಟ್ಟು ಅತ್ತುಬಿಟ್ಟ. ಲಕ್ಷ್ಮೀ ಬಂದು ಸುಂದ್ರವ್ವನನ್ನು ತಬ್ಬಿಕೊಂಡು, ಬಸವಲಿಂಗನಿಗೆ ರಸ್ತೆ ದಾಟಬೇಕಾದ ಕೆಲಸವೇ ಇಲ್ಲ, ಅವನು ದಿನವಿಡೀ ಗಿಡಕ್ಕೆ ನೀರು ಹಾಕುತ್ತ ಇರುತ್ತಾನೆ ಎಂದು ಸಮಾಧಾನ ಹೇಳಿದಳು.

ಮೇಡಂ ಅಷ್ಟರಲ್ಲಿ ಸೋಮಲಿಂಗನ ಕಡೆ ತಿರುಗಿದ್ದರು. ಅವನು ಕೇಳುವ ಮೊದಲೇ ಬೆವತು, ಎಲ್ಲ ಒಪ್ಪಿಕೊಂಡ. ಶಿವಗಂಗವ್ವನ ವರ್ಷದ ಕಾರ್ಯಕ್ಕೆಂದು, ಮದುವೆಯ ವಿಡಿಯೋದಿಂದ ಮಾತಾಡುವ ಚಿತ್ರ ಮಾಡಿದ್ದನಂತೆ. ದನಿ ಹುಡುಕುವಾಗ, ತಾನು ಈ ಮನೆಗೆ ಕೂಡಿಸಿದ್ದ ಡಬ್ಬಿಯಲ್ಲಿ ಸುಂದ್ರವ್ವ ಗುಂಡಿ ಒತ್ತಿ ಆಡಿದ ಮಾತುಗಳು ಸಿಕ್ಕವು, ದನಿಯೂ ಅಕ್ಕನ ದನಿಯಂತೆಯೇ ಇತ್ತು. ಅಕ್ಕನ ಹೆಸರು ಬಂದಲ್ಲಿ ಕತ್ತರಿಸಿ ಉಳಿದದ್ದು ಹಚ್ಚಿದ. ಜನ ಅತ್ತು, ನಕ್ಕು, ದಿನಾ ಬರತೊಡಗಿದಾಗ ನಿಲ್ಲಿಸಲು ಮನಸ್ಸಾಗಲಿಲ್ಲ. ಮದುವೆ ಮುರಿಯುವ ಮಾತನ್ನಾದರೂ ಬಿಡಬಹುದಿತ್ತಲ್ಲ ಎಂದು ನಾನು ಗದರಿದೆ. ಹತ್ತರಗಿಯಲ್ಲಿ ಏನೋ ಕೆಡುಕಿರಬಹುದು, ಮುಚ್ಚಿಟ್ಟರೆ ಪಾಪ ತನಗೆ ಬಂದೀತು ಎಂದು ಹೆದರಿದ್ದನಂತೆ. ಎಂಥ ಧರ್ಮಾತ್ಮ ನೋಡಿ.

ಮೇಡಂ ಅವನ ಕೈಯಿಂದಲೇ ಡಬ್ಬಿ ಕೀಳಿಸಿ ಅವನ ತೊಡೆಯ ಮೇಲೆ ಇಡಿಸಿದರು. ವೈರುಗಳು ಕರುಳಿನಂತೆ ಜೋತಾಡುತ್ತಿದ್ದವು. ಟಿ.ವಿ.ಯ ಪ್ಲಗ್ ತೆಗೆಯಲು ನನಗೆ ಹೇಳಿದರು. ಕಿತ್ತು ಕೈಯಲ್ಲಿ ಹಿಡಿದುಕೊಂಡು, ಇಷ್ಟು ಸಣ್ಣ ವಸ್ತುವಿಗೆ ನಿನ್ನೆ ಹೆದರಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ರಾಚಪ್ಪ ಕಣ್ಣೊರೆಸಿಕೊಂಡು, ನಿಶ್ಚಯದ ಸೀರೆ ಮನೆಯಲ್ಲೇ ಇರುತ್ತದೆ, ನಾಳೆ ತಾನೇ ಹತ್ತರಗಿಗೆ ಹೋಗಿ ಹುಡುಗನ ಕ್ಷಮೆ ಕೇಳುತ್ತೇನೆ ಎಂದ. ಓಣಿ ಚಪ್ಪಾಳೆ ಹೊಡೆಯಿತು. ದಾಕ್ಷಾಯಿಣಿ ಸಕ್ಕರೆ ಡಬ್ಬಿ ತಂದಳು. ಸೋಮಲಿಂಗನ ಬಾಯಿಗೆ ಬೈಗುಳವೂ ಸಕ್ಕರೆಯೂ ಒಟ್ಟಿಗೆ ಬಿದ್ದವು. ನಾನು ಒಂದು ಹಿಡಿ ಸಕ್ಕರೆ ಮುಕ್ಕಿ, ಪ್ರಕರಣ ಮುಗಿಯಿತೆಂದು ಮೇಡಂ ಮುಖ ನೋಡಿದೆ.

ಅವರು ಟಿ.ವಿ. ನೋಡುತ್ತಿದ್ದರು. ಅದರಲ್ಲಿ ಬೆಳಕು ಮೂಡುತ್ತಿತ್ತು.

ಪ್ಲಗ್ ನನ್ನ ಕೈಯಲ್ಲೇ ಇತ್ತು. ಡಬ್ಬಿ ಸೋಮಲಿಂಗನ ತೊಡೆಯ ಮೇಲೆ ಇತ್ತು. ಅವನು ಎರಡೂ ಕೈ ಮೇಲೆತ್ತಿ, ನಾನಲ್ಲರಿ, ನಾನಲ್ಲರಿ ಎಂದು ಪಿಸುಗುಟ್ಟುತ್ತಿದ್ದ. ಸುಂದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಶಿವಗಂಗವ್ವ ಬಂದಳು. ಹಸಿರು ಸೀರೆಯಲ್ಲ, ಯಾವುದೋ ಮಾಸಿದ ಮನೆಯ ಸೀರೆ. ಹಿಂದೆ ಶಾಮಿಯಾನ ಇರಲಿಲ್ಲ. ಅದು ಅಕ್ಕ ಕೊನೆಯ ದಿನ ಉಟ್ಟಿದ್ದ ಸೀರೆ ಎಂದು ಸುಂದ್ರವ್ವ ನನ್ನ ಪಕ್ಕದಲ್ಲೇ ಗೊಣಗಿದಳು. ಅದರ ವಿಡಿಯೋ ಯಾರೂ ತೆಗೆದಿಲ್ಲ.

ಟಿ.ವಿ.ಯೊಳಗಿನ ಮುದುಕಿ ತಂಗಿಯನ್ನು ನೋಡಿ ನಕ್ಕಳು. ಈ ದನಿಯಲ್ಲಿ ಕೆಮ್ಮಿರಲಿಲ್ಲ.

“ಸುಂದ್ರಾ, ನಿನ್ನ ಮಾತ ಆತು. ಇನ್ನ ನನ್ನ ಮಾತ ಕೇಳ್ರಿ. ಬಸವಲಿಂಗ ಬಾಗಿಲಾಗ ನಿಂತಾನ. ಚಪ್ಪಲಿ ಬಿಡ್ಲೊ ಬ್ಯಾಡೊ ಅಂತ ವಿಚಾರ ಮಾಡಾಕತ್ತಾನ. ಒಳಗ ಕರೀರಿ.”

ಹುಡುಗ ಬರುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಲಕ್ಷ್ಮಿಯೇ ಬೆಚ್ಚಿ ಅಪ್ಪನ ತೋಳು ಹಿಡಿದಳು. ಮೇಡಂ ಎದ್ದು ಹೋಗಿ ಬಾಗಿಲು ತೆರೆದರು. ಒಂದು ಮಲ್ಲಿಗೆ ಸಸಿ ಎದೆಗೆ ಅವಚಿಕೊಂಡು, ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು, ಒಬ್ಬ ಹುಡುಗ ಹೊರಗೆ ನಿಂತಿದ್ದ.